ಹನ್ನೆರಡನೆಯ ಶತಮಾನದ ಮಂಗಳೂರಿನಲ್ಲಿ ಒಬ್ಬ ಪರದೇಶವಾಸಿಯ ಮನೆವಾರ್ತೆ

ಕರ್ನಾಟಕದ ಕರಾವಳಿಗೆ ಬಂದ ವಿದೇಶೀಯರೆಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ಮೊದಲು ನೆನಪಾಗುವವರು ಪ್ರವಾಸಿಗಳು. ಹದಿನಾಲ್ಕನೆಯ ಶತಮಾನದಲ್ಲಿ ಇಬ್ನ್ ಬತೂತನೂ ೧೪೪೩ರಲ್ಲಿ ಅಬ್ದುರ್ ರಜಾಕನೂ ಮಂಗಳೂರನ್ನು ಕಂಡರು; ಕಂಡುದನ್ನು ಬರೆದಿಟ್ಟರು; ಮುಂದಿನ ಊರಿಗೆ ಹೊರಟುಹೋದರು. ಅವರ ಬರಹಗಳ ಬೆಲೆ ದೊಡ್ಡದೆಂಬುದು ನಿರ್ವಿವಾದ. ಆದರೆ ಹಾದುಹೋಗುವವನ ಕಣ್ಣು ಬೇರೆ, ನೆಲಸಿದವನ ಕಣ್ಣು ಬೇರೆ. ಪರದೇಶದಲ್ಲಿ ಹತ್ತಾರು ವರ್ಷ ಮನೆ ಹೂಡಿದವನು ದಿನದಿನವೂ ಎದುರಿಸಬೇಕಾದ ಪ್ರಶ್ನೆಗಳು ಪ್ರವಾಸಿಯನ್ನು ಕಾಡುವುದೇ ಇಲ್ಲ. ಗಳಿಸಿದ ಹಣವನ್ನು ಯಾವ ರೂಪದಲ್ಲಿ ಇಟ್ಟುಕೊಳ್ಳಬೇಕು? ಕಡಲಾಚೆಗೆ ಅದನ್ನು ಕಳುಹಿಸುವುದು ಹೇಗೆ, ಯಾರ ಕೈಯಲ್ಲಿ? ತಾಯ್ನಾಡಿನಿಂದ ಏನನ್ನು ತರಿಸಿಕೊಳ್ಳಬೇಕು, ಇಲ್ಲಿ ದೊರೆಯುವ ಯಾವುದರಿಂದ ತೃಪ್ತನಾಗಬೇಕು? ಕೊನೆಗೆ, ಹಿಂದಿರುಗುವುದು ಯಾವಾಗ, ಯಾರೊಡನೆ?

ದಾನಶಾಸನಗಳು ಇಂತಹ ಪ್ರಶ್ನೆಗಳನ್ನು ಕುರಿತು ಮೌನವಾಗಿವೆ. ಆದರೂ ಮಂಗಳೂರಿನಲ್ಲಿ ನೆಲಸಿದ್ದ ಒಬ್ಬ ವರ್ತಕನ ವಿಷಯದಲ್ಲಿ, ಅದೃಷ್ಟವಶಾತ್, ಇವಕ್ಕೆ ಉತ್ತರವನ್ನು ಅರಸುವಷ್ಟು ಕಾಗದಪತ್ರಗಳು ಉಳಿದುಬಂದಿವೆ. ಪ್ರಕೃತ ಲೇಖನದಲ್ಲಿ ಅವನ್ನು ಪರಿಶೀಲಿಸಲು ಉದ್ದೇಶಿಸಿದ್ದೇವೆ. ಪರದೇಶವಾಸಿಯ ಸಂಪತ್ತು ಅವನ ಪೆಟ್ಟಿಗೆಯಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಇನ್ನೊಬ್ಬರ ಕೈಯಲ್ಲಿರುತ್ತದೆ. ಆದುದರಿಂದ ಅವನ ಹಣಕಾಸಿನ ನಿರ್ಧಾರಗಳೆಲ್ಲ ಕಟ್ಟಕಡೆಗೆ ನಂಬಿಕೆಯ ನಿರ್ಧಾರಗಳು ಎಂಬುದು ನಮ್ಮ ಅಭಿಪ್ರಾಯ.

೧. ಆಕರಗಳು

ಹಳೆಯ ಕೈರೋ ನಗರಕ್ಕೆ ಫುಸ್ತಾತ್ ಎಂದು ಹೆಸರು. ಅಲ್ಲಿ ಬೆನ್ ಎಜ್ರಾ ಎಂಬ ಯೆಹೂದ್ಯರ ಪ್ರಾರ್ಥನಾಮಂದಿರವಿದೆ. ದೇವರ ನಾಮವನ್ನು ಬರೆದಿರಬಹುದಾದ ಕಾಗದವನ್ನು ನಾಶಮಾಡಬಾರದೆಂಬ ನಿಷ್ಠೆಯಿಂದ, ಬಳಕೆ ತಪ್ಪಿದ ಬರಹಗಳನ್ನೆಲ್ಲ ಆ ಮಂದಿರದ ಒಂದು ಕೋಣೆಯಲ್ಲಿ ಶತಮಾನಗಳ ಕಾಲ ಹಾಕುತ್ತ ಬಂದರು. ಈ ಕೋಣೆಗೆ ಗೆನೀಜಾ ಎಂಬ ಹೆಸರು. ಧರ್ಮಗ್ರಂಥಗಳ ಹಾಳೆಗಳೊಡನೆ ಮನೆಯ ಲೆಕ್ಕ, ವ್ಯಾಪಾರದ ಓಲೆ, ಮದುವೆಯ ಕರಾರು, ಸಾಮಾನಿನ ಪಟ್ಟಿ ಎಲ್ಲವೂ ಅಲ್ಲಿ ಸೇರಿಕೊಂಡವು. ೧೮೯೬-೯೭ರಲ್ಲಿ ಸಾಲೊಮನ್ ಷೆಕ್ಟರ್ ಎಂಬ ವಿದ್ವಾಂಸರು ಈ ರಾಶಿಯ ಬಹುಭಾಗವನ್ನು ಕೇಂಬ್ರಿಜ್ ವಿಶ್ವವಿದ್ಯಾನಿಲಯಕ್ಕೆ ಸಾಗಿಸಿದರು. ಇದರೊಳಗಿನ ವರ್ತಕರ ಕಾಗದಗಳನ್ನು ಎಸ್. ಡಿ. ಗಾಯ್ಟೈನ್ ಅವರು ದಶಕಗಳ ಪರಿಶ್ರಮದಿಂದ ಓದಿ ಜೋಡಿಸಿದರು. ಭಾರತದ ವ್ಯಾಪಾರಕ್ಕೆ ಸಂಬಂಧಿಸಿದ ಭಾಗವು ಅವರ ಮರಣಾನಂತರ, ಎಂ. ಎ. ಫ್ರೀಡ್ಮನ್ ಅವರ ಸಹಸಂಪಾದಕತ್ವದಲ್ಲಿ, ೨೦೦೮ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಅದಕ್ಕೂ ಮುಂಚೆ, ೧೯೯೨ರಲ್ಲಿ, ಅಮಿತಾವ್ ಘೋಷ್ ಅವರ ಗ್ರಂಥದ ಮೂಲಕ ಈ ವಿಷಯವು ಸಾಮಾನ್ಯ ಓದುಗರನ್ನು ಮುಟ್ಟಿತ್ತು.

ಈ ಕಾಗದಗಳ ಭಾಷೆ ಬಹುಮಟ್ಟಿಗೆ ಅರಬ್ಬಿ, ಲಿಪಿ ಹೀಬ್ರೂ. ಇವುಗಳಲ್ಲಿ ನಮಗೆ ಮುಖ್ಯನಾದವನು ಅಬ್ರಹಾಂ ಬೆನ್ ಯಿಜು. ಇವನ ತವರು ಇಂದಿನ ಟ್ಯುನೀಸಿಯಾದ ಮಹದೀಯಾ ಪಟ್ಟಣ. ತಂದೆ ಧರ್ಮಶಾಸ್ತ್ರವನ್ನು ಬಲ್ಲವನು. ಅಬ್ರಹಾಮನು ಏಡನ್ನಿಗೆ ಬಂದು, ಅಲ್ಲಿಂದ ಕಡಲು ದಾಟಿ ೧೧೩೨ರ ವೇಳೆಗೆ ಮಂಗಳೂರಿನಲ್ಲಿದ್ದನು. ತುಳುನಾಡು ಆಗ ಆಳುಪರ ಆಳ್ವಿಕೆಗೆ ಒಳಪಟ್ಟಿತ್ತು. ನಡುವೆ ಏಡನ್ನಿಗೆ ಹೋಗಿಬಂದುದನ್ನು ಬಿಟ್ಟರೆ, ೧೧೪೯ರವರೆಗೂ ಅವನು ಈ ಕರಾವಳಿಯಲ್ಲಿಯೇ ಕಾಲ ಕಳೆದನು. ಹಿಂದಿರುಗುವಾಗ ತನ್ನ ಹಳೆಯ ಕಾಗದಗಳನ್ನೂ ಜೊತೆಗೆ ಒಯ್ದನು. ಆ ಕಾರಣದಿಂದಲೇ ಮಂಗಳೂರಿನ ಲೆಕ್ಕ ಕೈರೋವಿನ ಕೋಣೆಯಲ್ಲಿ ಉಳಿದುಕೊಂಡಿತು.

೨. ಹಣದ ರೂಪ

ಮೆಡಿಟರೇನಿಯನ್ ಸಮುದ್ರದ ಸುತ್ತಣ ನಗರಗಳ ನಡುವೆ ಆ ಕಾಲದಲ್ಲಿ ನಮ್ಮ ಹುಂಡಿಯನ್ನು ಹೋಲುವ ಪತ್ರಗಳು ಚಲಾವಣೆಯಲ್ಲಿದ್ದವು. ಏಡನ್ ಮತ್ತು ಮಂಗಳೂರುಗಳ ನಡುವೆ ನಡೆದ ಈ ಪತ್ರವ್ಯವಹಾರದಲ್ಲಾದರೋ ಹಣವು ಹೆಚ್ಚಾಗಿ ಸಾಮಾನಿನ ವೇಷದಲ್ಲಿ ಪ್ರಯಾಣ ಮಾಡುತ್ತದೆ. ಪಶ್ಚಿಮದಿಂದ ತಾಮ್ರ, ತವರ, ಸೀಸ, ರೇಷ್ಮೆ ಮತ್ತು ಚಿನ್ನದ ನಾಣ್ಯಗಳು ಬರುತ್ತವೆ. ಇಲ್ಲಿಂದ ಮೆಣಸು, ಅಡಕೆ, ಏಲಕ್ಕಿ, ಶುಂಠಿ ಮತ್ತು ಕಬ್ಬಿಣ ಹೋಗುತ್ತವೆ. ಬೆನ್ ಯಿಜು ಕಂಚಿನ ಪಾತ್ರೆಗಳ ಕಾರ್ಖಾನೆಯೊಂದನ್ನೂ ನಡೆಸುತ್ತಿದ್ದನು. ಏಡನ್ನಿನ ಗೆಳೆಯರು ಒಡೆದ ಪಾತ್ರೆಗಳನ್ನೂ ತಾಮ್ರವನ್ನೂ ತೂಕ ಹಾಕಿ ಕಳುಹಿಸಿ, ಇಂತಹ ಆಕಾರದ, ಇಷ್ಟು ತೂಕದ ತಟ್ಟೆ ತಂಬಿಗೆಗಳು ಬೇಕೆಂದು ಬರೆಯುತ್ತಿದ್ದರು. ಲೋಹದ ಬೆಲೆಯ ಮೇಲೆ ನಮ್ಮ ಕಂಚುಗಾರರ ಕೈಕೆಲಸದ ಬೆಲೆಯೂ ಸೇರಿ ಅದು ಹಿಂದಿರುಗುತ್ತಿತ್ತು.

ನಾಣ್ಯಗಳ ತೊಡಕು ಬೇರೆ. ಏಡನ್ನಿನಲ್ಲಿ ಲೆಕ್ಕವಿಡುತ್ತಿದ್ದುದು ಮಾಲಿಕೀ ದಿನಾರುಗಳಲ್ಲಿ. ಅದರ ಬೆಲೆ ಈಜಿಪ್ಟಿನ ದಿನಾರಿನ ಅರ್ಧಕ್ಕಿಂತಲೂ ಕಡಿಮೆಯಾಗಿದ್ದಿತು. ಹೆಸರು ಒಂದೇ, ಬೆಲೆ ಎರಡು. ಯಾವ ದಿನಾರು ಎಂಬುದನ್ನು ಸ್ಪಷ್ಟಪಡಿಸದೆ ಮಾಡಿಕೊಂಡ ಮಾತು ಅರ್ಧ ನಷ್ಟಕ್ಕೆ ದಾರಿಯಾಗಬಹುದಾಗಿತ್ತು. ಆದುದರಿಂದಲೇ ಈ ಕಾಗದಗಳಲ್ಲಿ ಮೊತ್ತದೊಡನೆ ನಾಣ್ಯದ ಜಾತಿಯನ್ನೂ ಬರೆಯುವ ಎಚ್ಚರ ಕಾಣುತ್ತದೆ.

೩. ನಂಬಿಕೆಯ ಖಾತೆ

ಮಳೆಗಾಲದ ಗಾಳಿ ಕಡಲನ್ನು ಮುಚ್ಚಿಬಿಡುತ್ತಿದ್ದುದರಿಂದ ಹಡಗುಗಳು ಹೋಗಿಬರಲು ವರ್ಷಕ್ಕೊಂದು ನಿಯತ ಕಾಲವಿತ್ತು. ಈ ವರ್ಷ ಕೇಳಿದ ಪ್ರಶ್ನೆಗೆ ಉತ್ತರ ಮುಂದಿನ ವರ್ಷ. ಇಷ್ಟು ಅವಧಿಯಲ್ಲಿ ಬೆಲೆ ಏರಬಹುದು, ಇಳಿಯಬಹುದು; ಸಾಮಾನು ಕೆಡಬಹುದು. ಹೀಗಿರುವಾಗ ದೂರದಲ್ಲಿರುವವನು ಬೆಲೆಯನ್ನು ಗೊತ್ತುಮಾಡಲು ಸಾಧ್ಯವಿಲ್ಲ. ಬೆಲೆಯನ್ನು ಗೊತ್ತುಮಾಡುವ ಮನುಷ್ಯನನ್ನು ಮಾತ್ರ ಆರಿಸಬಲ್ಲನು. ಬೆನ್ ಯಿಜುವಿಗೆ ಅಂತಹವನಾಗಿ ದೊರೆತವನು ಏಡನ್ನಿನ ವರ್ತಕರ ಪ್ರತಿನಿಧಿಯಾಗಿದ್ದ ಮದ್ಮೂನ್. ಅವನು ಸಾಮಾನನ್ನು ಇಳಿಸಿಕೊಂಡು, ಸುಂಕ ತೆತ್ತು, ಮಾರಿ, ಬಂದ ಹಣದಿಂದ ಬೇಕಾದುದನ್ನು ಕೊಂಡು, ಉಳಿದ ಬಾಕಿಯನ್ನು ಖಾತೆಯಲ್ಲಿ ತೋರಿಸುತ್ತಿದ್ದನು. ಇದಕ್ಕೆ ಪ್ರತಿಯಾಗಿ ಅವನ ಪರವಾಗಿ ಬೆನ್ ಯಿಜು ಇಲ್ಲಿ ಅದೇ ಕೆಲಸವನ್ನು ಮಾಡಬೇಕು. ದಲ್ಲಾಳಿಯ ಕೂಲಿಗಿಂತ ಪರಸ್ಪರ ಉಪಕಾರವೇ ಈ ಏರ್ಪಾಡಿನ ತಳಹದಿಯಾಗಿತ್ತು.

ನಂಬಿಕೆಯು ಸ್ವಜನರ ಎಲ್ಲೆಯಲ್ಲಿಯೇ ನಿಲ್ಲಲಿಲ್ಲವೆಂಬುದನ್ನು ವಿಶೇಷವಾಗಿ ಗಮನಿಸಬೇಕು. ಮಂಗಳೂರಿನ ವರ್ತಕರಿಗೆ ತನ್ನ ವಂದನೆಗಳನ್ನು ತಿಳಿಸೆಂದೂ, ಅವರು ಹಡಗೊಂದನ್ನು ಸಜ್ಜುಗೊಳಿಸುವುದಾದರೆ ತಾನೂ ಪಾಲುಗೊಳ್ಳುವೆನೆಂದೂ ಮದ್ಮೂನ್ ಒಂದು ಕಾಗದದಲ್ಲಿ ಬರೆದಿದ್ದಾನೆ. ಅಲ್ಲಿ ಬರುವ ಒಂದು ಹೆಸರಿನ ಕೊನೆಯಲ್ಲಿ 'ಸೀತಿ' ಎಂದಿರುವುದು ನಮ್ಮ 'ಸೆಟ್ಟಿ' ಎಂಬುದರ ರೂಪವೆಂದು ಊಹಿಸಲಾಗಿದೆ. ಸೆಟ್ಟಿಯೂ ಬನಿಯನೂ ಅರಬ್ಬಿ ಮಾತನಾಡುವ ಯೆಹೂದ್ಯನೂ ಒಂದೇ ಹಡಗಿನಲ್ಲಿ ಬಂಡವಾಳ ಹಾಕಬಹುದಾಗಿತ್ತು.

ಮಾತು ತಪ್ಪಿದವರೂ ಇದ್ದರು. ಏಲಕ್ಕಿಗಾಗಿ ಮುಂಗಡ ಪಡೆದ ಸ್ಥಳೀಯ ದಲ್ಲಾಳಿಯೊಬ್ಬನು ಸಾಮಾನನ್ನು ಒಪ್ಪಿಸಲಿಲ್ಲ. ಏಡನ್ನಿನ ಗೆಳೆಯನು ಇದಕ್ಕೆ ಸೂಚಿಸಿದ ಮದ್ದು ಕುತೂಹಲಕರವಾಗಿದೆ: ಕೊಡಬೇಕಾದುದನ್ನು ಕೊಡದವನ ಹೆಸರನ್ನು ಏಡನ್ನಿನಲ್ಲಿ ಬಹಿರಂಗವಾಗಿ ನಿಂದಿಸುವೆವೆಂದು ಹೆದರಿಸಿ ನೋಡು ಎಂದು ಅವನು ಬರೆದನು. ಕಡಲಾಚೆಯ ಪೇಟೆಯಲ್ಲಿ ಹೆಸರು ಕೆಟ್ಟೀತೆಂಬ ಭಯವು ಮಂಗಳೂರಿನ ಕಡೆಯ ದಲ್ಲಾಳಿಯನ್ನು ಬಾಗಿಸಬಹುದೆಂದು ವರ್ತಕರು ಭಾವಿಸಿದ್ದರು ಎಂಬುದೇ ಇಲ್ಲಿಯ ಮುಖ್ಯಾಂಶ.

ಕಡಲಿನ ಅಪಾಯಕ್ಕೆ ಮಾತ್ರ ಇಂತಹ ಮದ್ದಿರಲಿಲ್ಲ. ಸರಕನ್ನು ಹಲವು ಹಡಗುಗಳಲ್ಲಿ ಹಂಚಿ ಕಳುಹಿಸುವುದೊಂದೇ ಉಪಾಯ. ಬಾಬ್ ಎಲ್ ಮಂದಬ್ ಜಲಸಂಧಿಯ ಬಳಿ ಹಡಗೊಂದು ಒಡೆದುಹೋದಾಗ ಮೆಣಸು ಸಂಪೂರ್ಣವಾಗಿ ನಷ್ಟವಾಯಿತು. ಕಬ್ಬಿಣದಲ್ಲಿ ಒಂದು ಭಾಗವನ್ನು ಮುಳುಗುಗಾರರು ಮೇಲೆತ್ತಿದರು. ಅವರ ಕೂಲಿಯನ್ನು ಕಳೆದು ಉಳಿದುದನ್ನು ಲೆಕ್ಕಕ್ಕೆ ಜಮಾ ಮಾಡುವೆವೆಂದು ಮಂಗಳೂರಿಗೆ ಬರೆದ ಕಾಗದ ತಿಳಿಸುತ್ತದೆ. ಮುಳುಗಿದುದರ ಲೆಕ್ಕವನ್ನೂ ಒಪ್ಪಿಸುವವನಿದ್ದಾನೆಂಬ ಭರವಸೆಯೇ ದೂರದಲ್ಲಿರುವವನಿಗೆ ಆಧಾರ.

೪. ಒಣದ್ರಾಕ್ಷಿ ಮತ್ತು ಕಾಗದ

ವ್ಯಾಪಾರದ ಲೆಕ್ಕದ ಕೆಳಗೆ ಅನೇಕ ವೇಳೆ ಚಿಕ್ಕದೊಂದು ಪಟ್ಟಿಯಿರುತ್ತದೆ. ಸಕ್ಕರೆ, ಬಾದಾಮಿ, ಒಣದ್ರಾಕ್ಷಿಗಳ ಜಾಡಿಗಳು, ಸಾಬೂನು, ಚಾಪೆ, ಬಟ್ಟೆ, ಒಳ್ಳೆಯ ಬಿಳಿಯ ಕಾಗದ ಮುಂತಾದವು ಬೆನ್ ಯಿಜುವಿನ ಮನೆಗೆಂದು ಬರುತ್ತವೆ. ಕೆಲವನ್ನು ಅವನೇ ಕೇಳಿ ತರಿಸಿದ್ದಾನೆ. ಕೆಲವು ಗೆಳೆಯರ ಕಾಣಿಕೆ. ಇವುಗಳ ಬೆಲೆ ಸರಕಿನ ಎದುರಿಗೆ ಅತ್ಯಲ್ಪ. ಆದರೂ ಇವನ್ನು ಅಲಕ್ಷ್ಯ ಮಾಡುವುದು ಸರಿಯಲ್ಲ. ಅಕ್ಕಿ, ತೆಂಗು, ಮೀನು ಧಾರಾಳವಾಗಿರುವ ನಾಡಿನಲ್ಲಿ ಹೊಟ್ಟೆಗೆ ಕೊರತೆಯಿರಲಿಲ್ಲ. ನಾಲಗೆಗೂ ಲೇಖನಿಗೂ ತವರಿನ ನೆನಪು ಬೇಕಾಗಿದ್ದಿತು. ತಾಳೆಗರಿಯ ಮೇಲೆ ಬರೆಯುವ ನಾಡಿನಲ್ಲಿ ಕಾಗದ ಎಷ್ಟು ಅಪೂರ್ವವಾಗಿತ್ತೆಂಬುದಕ್ಕೆ, ಅವನು ಬಂದ ಓಲೆಗಳ ಬೆನ್ನಿನ ಮೇಲೆಯೇ ತನ್ನ ಲೆಕ್ಕವನ್ನೂ ಕರಡನ್ನೂ ಬರೆದುಕೊಂಡಿರುವುದೇ ಸಾಕ್ಷಿ. ಅದೇ ಬಗೆಯಲ್ಲಿ ಒಂದು ಓಲೆಯ ಹಿಂಬದಿಯಲ್ಲಿ ಪ್ರಯಾಣದ ಸಾಮಾನುಗಳ ಪಟ್ಟಿಯೂ ದೊರೆತಿದೆ. ಅದನ್ನು ಕುರಿತು ಎಲಿಜಬೆತ್ ಲ್ಯಾಂಬೊರ್ನ್ ಅವರು ೨೦೧೮ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದ್ದಾರೆ.

ಕಾಣಿಕೆಗೆ ಇನ್ನೊಂದು ಅರ್ಥವೂ ಉಂಟು. ವರ್ಷಕ್ಕೊಮ್ಮೆ ಬರುವ ದ್ರಾಕ್ಷಿಯ ಜಾಡಿಯು, ನಿನ್ನ ಖಾತೆ ಇನ್ನೂ ತೆರೆದಿದೆ, ನಮ್ಮ ನಡುವಣ ಸಂಬಂಧ ಕೆಟ್ಟಿಲ್ಲ ಎಂಬುದರ ಸೂಚನೆ.

೫. ಆಶು ಮತ್ತು ಬೊಮ್ಮ

ಮನೆವಾರ್ತೆಯ ಅತ್ಯಂತ ದೊಡ್ಡ ನಿರ್ಧಾರವು ಸರಕಿಗೆ ಸಂಬಂಧಿಸಿದುದಲ್ಲ. ೧೧೩೨ರ ಅಕ್ಟೋಬರ್ ೧೭ರಂದು ಮಂಗಳೂರಿನಲ್ಲಿ ಬೆನ್ ಯಿಜು ಆಶು ಎಂಬ ದಾಸಿಗೆ ಬಿಡುಗಡೆಯ ಪತ್ರವನ್ನು ಬರೆದುಕೊಟ್ಟನು. ಅವಳು ಅವನ ಮಕ್ಕಳ ತಾಯಿಯಾದಳು. ಯೆಹೂದ್ಯರ ಧರ್ಮಶಾಸ್ತ್ರದ ಪ್ರಕಾರ ದಾಸಿಯ ಮಕ್ಕಳು ತಾಯಿಯ ಸ್ಥಿತಿಯನ್ನೇ ಪಡೆಯುತ್ತಾರೆ. ಆದುದರಿಂದ ಆ ಒಂದು ಪತ್ರದ ಮೇಲೆ ಮಕ್ಕಳ ಸ್ವಾತಂತ್ರ್ಯವೂ ಮುಂದೆ ಅವರ ಉತ್ತರಾಧಿಕಾರವೂ ನಿಂತಿದ್ದವು.

ಬೊಮ್ಮನು ಅವನ ಮತ್ತೊಬ್ಬ ದಾಸ. ಹೀಬ್ರೂ ಲಿಪಿಯಲ್ಲಿ ವ್ಯಂಜನಗಳಷ್ಟೇ ಬರೆಯಲ್ಪಟ್ಟಿದ್ದ ಈ ಹೆಸರನ್ನು, ಮಂಗಳೂರಿನ ವಿದ್ವಾಂಸರಾದ ಬಿ. ಎ. ವಿವೇಕ ರೈ ಅವರ ನೆರವಿನಿಂದ, ಘೋಷ್ ಅವರು ಹೀಗೆ ಓದಿದ್ದಾರೆ. ಒಡೆಯನ ಪರವಾಗಿ ಬೊಮ್ಮನು ಸರಕಿನೊಡನೆ ಏಡನ್ನಿಗೆ ಹೋಗಿ ವ್ಯವಹಾರ ನಡೆಸಿ ಬರುತ್ತಿದ್ದನು. ಒಮ್ಮೆ ಅಲ್ಲಿ ಕುಡಿದು ಹೆಚ್ಚು ಹಣಕ್ಕಾಗಿ ಪೀಡಿಸಿದುದನ್ನು ಮದ್ಮೂನ್ ದೂರಿದ್ದಾನೆ. ಆದರೂ ಬೆನ್ ಯಿಜು ಅವನನ್ನು ಬಿಡಲಿಲ್ಲ. ಮುಂದಿನ ಕಾಗದಗಳಲ್ಲಿ ಗೆಳೆಯರು ಬೊಮ್ಮನಿಗೂ ಗೌರವದಿಂದ ವಂದನೆ ಹೇಳಿ ಕಳುಹಿಸುತ್ತಾರೆ. ಇಷ್ಟಾದರೂ ಅವನು ದಾಸನೆಂಬುದನ್ನು ನಾವು ಮರೆಯಲಾಗದು. ಒಡೆಯನ ನಂಬಿಕೆಗೆ ಪಾತ್ರನಾದವನು ಒಡೆಯನ ಸೊತ್ತೂ ಆಗಿದ್ದನು.

೬. ಹಿಂದಿರುಗಿದ ಬಳಿಕ

೧೧೪೮ರಲ್ಲಿ ಸಿಸಿಲಿಯ ದೊರೆ ಎರಡನೆಯ ರೋಜರನ ಸೈನ್ಯವು ಮಹದೀಯಾವನ್ನು ಗೆದ್ದುಕೊಂಡಿತು. ಮರುವರ್ಷ ಬೆನ್ ಯಿಜು ಮಕ್ಕಳೊಡನೆ ಏಡನ್ನಿಗೆ ಬಂದಿಳಿದು, ನಮ್ಮೆಲ್ಲರಿಗೂ ಸಾಲುವಷ್ಟು ಸಂಪಾದಿಸಿದ್ದೇನೆ, ಬನ್ನಿರಿ ಎಂದು ಸೋದರರಿಗೆ ಬರೆದನು. ಹದಿನೇಳು ವರ್ಷಗಳ ಎಚ್ಚರದ ಲೆಕ್ಕಾಚಾರ ತಪ್ಪಿದುದು ಇಲ್ಲಿ. ಕಡಲಿನ ಕಳ್ಳರಿಂದಲೂ ಮಾತು ತಪ್ಪುವ ದಲ್ಲಾಳಿಗಳಿಂದಲೂ ಕಾಪಾಡಿಕೊಂಡ ಹಣದಲ್ಲಿ ಒಂದು ದೊಡ್ಡ ಮೊತ್ತವನ್ನು ಒಡಹುಟ್ಟಿದ ಮುಬಷ್ಷಿರನೇ ವಂಚನೆಯಿಂದ ಪಡೆದುಕೊಂಡನು. ಮಗನು ಏಡನ್ನಿನಲ್ಲಿ ತೀರಿಹೋದನು. ೧೧೫೧ರಲ್ಲಿ ಮದ್ಮೂನನೂ ಮೃತನಾದನು. ಉಳಿದ ಮಗಳನ್ನು ತನ್ನ ಮಗನಿಗೆ ತಂದುಕೊಳ್ಳಲು ಏಡನ್ನಿನ ಶ್ರೀಮಂತನೊಬ್ಬನು ಬಯಸಿದ್ದನು; ಅವಳು ಮೂರು ವರ್ಷ ಅವರ ಮನೆಯಲ್ಲಿಯೇ ಬೆಳೆದಿದ್ದಳು. ಬೆನ್ ಯಿಜು ಒಪ್ಪಲಿಲ್ಲ. ತನ್ನ ಗಳಿಕೆಯೂ ಮಗಳೂ ಸೋದರನ ಮನೆಯನ್ನೇ ಸೇರಬೇಕೆಂಬುದು ಅವನ ಛಲ. ೧೧೫೬ರಲ್ಲಿ ಫುಸ್ತಾತಿನಲ್ಲಿ ಅವಳ ಮದುವೆ ಇನ್ನೊಬ್ಬ ಸೋದರನಾದ ಯೂಸುಫನ ಮಗನೊಡನೆ ನಡೆಯಿತು.

ಮಂಗಳೂರಿನಿಂದ ತನ್ನ ಹಳೆಯ ಲೆಕ್ಕದ ಚೂರುಗಳನ್ನು ಸಹ ಹೊತ್ತೊಯ್ದ ಈ ವರ್ತಕನು ಆಶುವನ್ನು ಕರೆದೊಯ್ದುದಕ್ಕೆ ಕಾಗದಗಳಲ್ಲಿ ಒಂದು ಮಾತೂ ಇಲ್ಲ. ಅವನ ಖಾತೆಯಲ್ಲಿ ಎಲ್ಲ ಬಾಕಿಗಳೂ ಬರೆಯಲ್ಪಟ್ಟಿವೆ. ಈ ಒಂದು ಬಾಕಿ ಬರೆಯಲ್ಪಟ್ಟಿಲ್ಲ.

ಉಪಸಂಹಾರ

ಬೆನ್ ಯಿಜುವಿನ ಜೀವನದಿಂದ ಪರದೇಶವಾಸದ ಬಗ್ಗೆ ಒಂದು ಸಾಮಾನ್ಯ ನಿಯಮವನ್ನು ಹೊರಡಿಸುವುದು ಸಾಹಸವಾದೀತು. ಆದರೂ ಅಪರಿಚಿತರಲ್ಲಿ ಅವನು ಕಟ್ಟಿದ ನಂಬಿಕೆ ಉಳಿಯಿತು, ರಕ್ತಸಂಬಂಧದಲ್ಲಿ ಇಟ್ಟ ನಂಬಿಕೆ ಅವನನ್ನು ಕೈಬಿಟ್ಟಿತು ಎಂಬುದು ವಿಚಾರಾರ್ಹ. ಅಪರಿಚಿತರೊಡನೆ ಲೆಕ್ಕವಿತ್ತು, ಉತ್ತರವಿತ್ತು, ಹೆಸರಿನ ಭಯವಿತ್ತು. ಸೋದರರೊಡನೆ ನೆನಪು ಮಾತ್ರ ಇತ್ತು. ಬಹುಕಾಲ ದೂರವಿದ್ದವನು ತವರನ್ನು ತಾನು ಬಿಟ್ಟಾಗ ಇದ್ದಂತೆಯೇ ಭಾವಿಸುತ್ತಾನೆ. ಅವನ ದೊಡ್ಡ ನಷ್ಟಗಳು ಬರುವುದು ಆ ಭಾವನೆಯಿಂದ.

ಅದೇ ಕರಾವಳಿಯಿಂದ, ೧೯೭೦ರ ದಶಕದಿಂದ ಈಚೆಗೆ, ಬಹು ಮಂದಿ ಅರಬ್ ದೇಶಗಳಿಗೆ ದುಡಿಯಲು ಹೋಗಿದ್ದಾರೆ. ಕಡಲು ಅದೇ, ದಿಕ್ಕು ಮಾತ್ರ ತಿರುಗಿದೆ. ಎಷ್ಟು ಹಣ ಕಳುಹಿಸಬೇಕು, ಯಾರ ಹೆಸರಿನಲ್ಲಿ ಜಮೀನು ಕೊಳ್ಳಬೇಕು, ಯಾವಾಗ ಹಿಂದಿರುಗಬೇಕು ಎಂದು ಅವರು ಮನೆಗೆ ಬರೆದ ಕಾಗದಗಳು ಇಂದಿಗೂ ಕರಾವಳಿಯ ಅನೇಕ ಮನೆಗಳ ಪೆಟ್ಟಿಗೆಗಳಲ್ಲಿ ಇರಬೇಕು. ಅವಕ್ಕೆ ಗೆನೀಜಾದ ರಕ್ಷಣೆಯಿಲ್ಲ. ಗೆದ್ದಲು, ಮಳೆ ಮತ್ತು ಮರೆವು ಅವುಗಳ ಪಾಲಿಗಿವೆ. ಎಂಟುನೂರು ವರ್ಷಗಳಿಗೂ ಹಿಂದಿನ ಪರದೇಶಿಯ ಮನೆವಾರ್ತೆಯನ್ನು ಬಲ್ಲ ನಾವು ನಮ್ಮವರದನ್ನು ಕಳೆದುಕೊಳ್ಳುವುದು ಉಚಿತವಲ್ಲ. ಕಾಲೇಜುಗಳ ಇತಿಹಾಸ ಸಂಘಗಳು ಮನೆಯವರ ಒಪ್ಪಿಗೆ ಪಡೆದು ಇವನ್ನು ಸಂಗ್ರಹಿಸುವ ಕಾರ್ಯಕ್ಕೆ ಮನಸ್ಸು ಮಾಡಬೇಕೆಂದು ಸೂಚಿಸಿ ಈ ಲೇಖನವನ್ನು ಮುಗಿಸುತ್ತೇವೆ. ಆ ಪೆಟ್ಟಿಗೆಗಳಲ್ಲಿ, ಮನೆಯಲ್ಲಿ ಉಳಿದ ಹೆಂಗಸರು ಕಾಗದಗಳ ಬೆನ್ನಿನ ಮೇಲೆ ಬರೆದ ಲೆಕ್ಕಗಳೂ ದೊರೆತರೆ, ಆಶುವಿನ ಕಡೆಯಿಂದ ನಮಗೆ ದೊರೆಯದೆ ಹೋದ ಉತ್ತರದ ಒಂದಂಶವಾದರೂ ಅವುಗಳಿಂದ ತಿಳಿದುಬಂದೀತು.