ಎಸ್‌ಪ್ರೆಸೊ ನೀರಿನ ಬಿಸಿ: ಅಳೆದದ್ದು ಎಲ್ಲಿ?

ಎಸ್‌ಪ್ರೆಸೊ ಇಳಿಸುವ ನೀರು ಎಷ್ಟು ಬಿಸಿ ಇರಬೇಕು ಎಂಬುದಕ್ಕೆ ಅಧಿಕೃತ ಉತ್ತರಗಳೇ ಒಂದಕ್ಕೊಂದು ಹೊಂದುವುದಿಲ್ಲ. ಇಟಲಿಯ ರಾಷ್ಟ್ರೀಯ ಎಸ್‌ಪ್ರೆಸೊ ಸಂಸ್ಥೆ 88 ಡಿಗ್ರಿ ಸೆಲ್ಸಿಯಸ್ ಎನ್ನುತ್ತದೆ, ಎರಡು ಡಿಗ್ರಿ ಆಚೀಚೆ. ವಿಶ್ವ ಬರಿಸ್ತಾ ಸ್ಪರ್ಧೆಯ ನಿಯಮದಲ್ಲಿ ಅದು 90.5ರಿಂದ 96. ಮನೆಗೆ ಯಂತ್ರ ತಂದವರು ಈ ಎರಡರ ನಡುವೆ ಯಾವುದು ಸರಿ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಆ ಅಂಕಿ ಯಾವ ಜಾಗದ್ದು? ಬಾಯ್ಲರಿನ ಹೊರಮೈಯದೋ, ಒಳಗಿನ ನೀರಿನದೋ, ಕಾಫಿಪುಡಿಯ ನೆತ್ತಿಯದೋ? ಮೂರು ಜಾಗಗಳ ನಡುವೆ ಹಲವು ಡಿಗ್ರಿಗಳ ಅಂತರ ಇರುತ್ತದೆ. ಎಸ್‌ಪ್ರೆಸೊ ತಂತ್ರಜ್ಞಾನ ಬೆಳೆದ ದಾರಿಯನ್ನು ನೋಡಿದರೆ, ಉಪಕರಣ ಸೂಕ್ಷ್ಮವಾದುದಕ್ಕಿಂತ ಅಳೆಯುವ ಜಾಗ ಪುಡಿಗೆ ಹತ್ತಿರವಾದುದೇ ನಿಜವಾದ ಪ್ರಗತಿ ಎಂದು ಕಾಣುತ್ತದೆ.

ಮೊದಮೊದಲು ಬಿಸಿಯನ್ನು ಆರಿಸಿಕೊಳ್ಳುವ ಅವಕಾಶವೇ ಇರಲಿಲ್ಲ. 1884ರಲ್ಲಿ ಟುರಿನ್‌ನ ಆಂಜೆಲೊ ಮೊರಿಯೊಂಡೊ, 1901ರಲ್ಲಿ ಮಿಲಾನಿನ ಲುಯಿಜಿ ಬೆಜ್ಜೆರಾ ಪೇಟೆಂಟ್ ಪಡೆದ ಯಂತ್ರಗಳಲ್ಲಿ ನೀರನ್ನು ತಳ್ಳುತ್ತಿದ್ದುದು ಹಬೆ. ಹಬೆಯ ಒತ್ತಡಕ್ಕೂ ಬಿಸಿಗೂ ಬಿಡಿಸಲಾಗದ ನಂಟು. ವಾತಾವರಣದ ಮೇಲೆ ಒಂದೂವರೆ ಬಾರ್ ಒತ್ತಡ ಬೇಕೆಂದರೆ ಬಾಯ್ಲರ್ 127 ಡಿಗ್ರಿ ಮುಟ್ಟಲೇಬೇಕು. ಪುಡಿ ಸೀದು ಕಹಿಯಾಗುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ. 1935ರಲ್ಲಿ ಫ್ರಾಂಚೆಸ್ಕೊ ಇಲ್ಲಿ ಎಂಬವರು ಹಬೆಯ ಬದಲು ಅದುಮಿದ ಗಾಳಿಯನ್ನು ಬಳಸಿದರು; ಎರಡನೆಯ ಮಹಾಯುದ್ಧದ ನಂತರ ಅಕಿಲ್ಲೆ ಗಾಜಿಯಾ ಅವರ ಸನ್ನೆ ಯಂತ್ರದಲ್ಲಿ ಸ್ಪ್ರಿಂಗು ಒತ್ತಡ ಕೊಟ್ಟಿತು. ಒತ್ತಡ, ಬಿಸಿ ಎರಡೂ ಹೀಗೆ ಬೇರ್ಪಟ್ಟ ಮೇಲಷ್ಟೇ ‘ಎಷ್ಟು ಬಿಸಿ’ ಎಂಬ ಪ್ರಶ್ನೆಗೆ ಅರ್ಥ ಬಂತು. 1961ರ ಫೇಮಾ ಇ61 ಯಂತ್ರ ಪಂಪು ತಂದಿತು. ಬಿಸಿನೀರನ್ನು ಹಿತ್ತಾಳೆಯ ದಪ್ಪ ತಲೆಭಾಗದಲ್ಲಿ ಸದಾ ಸುತ್ತಾಡಿಸಿ ಲೋಹದ ತೂಕದಿಂದಲೇ ಬಿಸಿಯನ್ನು ಹಿಡಿದಿಟ್ಟಿತು. 1970ರಲ್ಲಿ ಲಾ ಮಾರ್ಜೊಕ್ಕೊ ಕಂಪನಿಯ ಜಿಎಸ್ ಯಂತ್ರ ಹಬೆಗೊಂದು, ಕಾಫಿಗೊಂದು ಎಂದು ಎರಡು ಬಾಯ್ಲರ್ ಇಟ್ಟಿತು. ಇಷ್ಟಾದರೂ ಪುಡಿಗೆ ತಾಗುವ ನೀರಿನ ಬಿಸಿಯನ್ನು ನೇರವಾಗಿ ನೋಡುವ ರೂಢಿ ಬೆಳೆದಿರಲಿಲ್ಲ.

ಆ ರೂಢಿಗೆ 1990ರ ದಶಕದಲ್ಲಿ ಸಿಯಾಟಲ್‌ನ ಡೇವಿಡ್ ಶೋಮರ್ ಒತ್ತು ಕೊಟ್ಟರು. ಬಿಸಿ ಅಳೆಯುವ ತೆಳು ಥರ್ಮೋಕಪಲ್ ತಂತಿಯನ್ನು ಪುಡಿಯ ಮೇಲ್ಮೈಗೇ ಇಟ್ಟು ನೋಡಿದಾಗ, ಸ್ಥಿರವೆಂದು ನಂಬಿದ್ದ ಯಂತ್ರಗಳಲ್ಲೂ ಏರಿಳಿತ ಕಂಡಿತು. ಇಂಥ ಏರಿಳಿತವನ್ನು ಸ್ವಯಂಚಾಲಿತವಾಗಿ ತಿದ್ದುವ ಪಿಐಡಿ ನಿಯಂತ್ರಕದ ತತ್ತ್ವವನ್ನು ಹಡಗುಗಳ ಚುಕ್ಕಾಣಿಗಾಗಿ 1922ರಲ್ಲೇ ನಿಕೊಲಾಸ್ ಮಿನೋರ್ಸ್ಕಿ ವಿವರಿಸಿದ್ದರು. ಎಸ್‌ಪ್ರೆಸೊಗೆ ಅದು ಬಂದದ್ದು 2000ದ ಆಸುಪಾಸಿನಲ್ಲಿ. ಮನೆಯ ಯಂತ್ರಗಳಿಗೆ ಇದರ ಅಗತ್ಯ ಹೆಚ್ಚು. ರಾಂಚಿಲಿಯೊ ಸಿಲ್ವಿಯಾದಂಥ ಚಿಕ್ಕ ಬಾಯ್ಲರಿನ ಯಂತ್ರದಲ್ಲಿ ಸಾಧಾರಣ ಥರ್ಮೋಸ್ಟ್ಯಾಟ್ ಆರಿ ಹೊತ್ತಿಕೊಳ್ಳುವಷ್ಟರಲ್ಲಿ ಹತ್ತು ಡಿಗ್ರಿ ಮೀರಿ ಏರಿಳಿಯುವುದುಂಟು. ಮುಂದೆ ಗ್ರೆಗ್ ಸ್ಕೇಸ್ ರೂಪಿಸಿದ ಥರ್ಮೋಫಿಲ್ಟರ್ ಪುಡಿಯ ಜಾಗದಲ್ಲಿ ಸಣ್ಣ ರಂಧ್ರವಿರುವ ಬಿಲ್ಲೆಯನ್ನಿಟ್ಟು, ಪುಡಿ ಒಡ್ಡುವಷ್ಟೇ ತಡೆಯನ್ನು ಒಡ್ಡಿ, ಒತ್ತಡದೊಳಗೇ ಬಿಸಿಯನ್ನು ಅಳೆಯಿತು. ಒಬ್ಬರ ಅಳತೆಯನ್ನು ಇನ್ನೊಬ್ಬರದರ ಪಕ್ಕದಲ್ಲಿಟ್ಟು ನೋಡಲು ಸಾಧ್ಯವಾದದ್ದು ಆಗ.

ನಮ್ಮ ಕಡೆಯ ಓದುಗರು ಇಲ್ಲಿ ಒಂದು ವಿಷಯ ಸೇರಿಸಿಕೊಳ್ಳಬೇಕು. ಈ ಸಲಹೆಗಳಲ್ಲಿ ಹೆಚ್ಚಿನವು ಸಮುದ್ರಮಟ್ಟದ ಊರುಗಳಲ್ಲಿ ಹುಟ್ಟಿದವು. ಎತ್ತರ ಸುಮಾರು ಮುನ್ನೂರು ಮೀಟರ್ ಹೆಚ್ಚಿದಂತೆ ನೀರಿನ ಕುದಿಬಿಂದು ಒಂದು ಡಿಗ್ರಿ ಇಳಿಯುತ್ತದೆ. ಮಂಗಳೂರಿನಲ್ಲಿ ನೂರಕ್ಕೆ ಕುದಿಯುವ ನೀರು ಭೈರವಾನಿತಿಪ್ಪ, ರಾಯದುರ್ಗಗಳ ಕಡೆ 98ರ ಸ್ವಲ್ಪ ಮೇಲೆ, ಮಡಕಶಿರಾದಲ್ಲಿ 98ರ ಒಳಗೆ, ಬೆಂಗಳೂರಿನಲ್ಲಿ 97ರ ಹತ್ತಿರ, ಮಡಿಕೇರಿಯಲ್ಲಿ 96ಕ್ಕೇ ಕುದಿಯುತ್ತದೆ. ಹಿತ್ತಾಳೆ ಫಿಲ್ಟರಿನ ಡಿಕಾಕ್ಷನ್ನಿಗೆ ಈ ಮಿತಿಯನ್ನು ಊರೇ ಹಾಕಿಕೊಟ್ಟಿದೆ. ಎಸ್‌ಪ್ರೆಸೊದಲ್ಲಿ ಪಂಪಿನ ಒತ್ತಡ ಇರುವುದರಿಂದ ಪುಡಿಯೊಳಗೆ ನೀರು ಕುದಿಯದು. ಅಳತೆ ಮಾತ್ರ ತಪ್ಪುತ್ತದೆ. ಯಂತ್ರದ ಬಾಯಿಂದ ಸುರಿಯುವ ನೀರಿಗೆ ಬಯಲಲ್ಲಿ ಥರ್ಮಾಮೀಟರ್ ಹಿಡಿದರೆ, ಒಳಗೆ ನೀರು ಎಷ್ಟೇ ಕಾದಿದ್ದರೂ ಅದು ಆ ಊರಿನ ಕುದಿಬಿಂದುವನ್ನು ದಾಟದು. ಇ61 ಬಗೆಯ ಯಂತ್ರದಲ್ಲಿ ‘ಬುಸುಗುಡುವುದು ನಿಲ್ಲುವವರೆಗೆ ನೀರು ಹರಿಸಿ’ ಎಂಬ ಸಲಹೆ ಕರಾವಳಿಯಲ್ಲಿ ನೂರು ಡಿಗ್ರಿಯ ಗುರುತಾದರೆ ಮಡಿಕೇರಿಯಲ್ಲಿ 96ರದು. ಒತ್ತಡಮಾಪಕ ಒಂದು ಬಾರ್ ತೋರಿಸಿದರೂ ಬೆಂಗಳೂರಿನ ಬಾಯ್ಲರ್ ಕರಾವಳಿಯದಕ್ಕಿಂತ ಒಂದೂವರೆಯಿಂದ ಎರಡು ಡಿಗ್ರಿ ತಣ್ಣಗಿರುತ್ತದೆ, ಏಕೆಂದರೆ ಮಾಪಕ ಹೊರಗಿನ ಗಾಳಿಯೊಡನೆ ಹೋಲಿಸಿಯೇ ಲೆಕ್ಕ ಹೇಳುತ್ತದೆ.

ನಾಲಿಗೆ ಇರುವಾಗ ಇಷ್ಟೆಲ್ಲ ಏಕೆ ಎಂಬ ಆಕ್ಷೇಪ ಹಗುರವಾದುದಲ್ಲ. ಕಾಫಿ ಇರುವುದೇ ರುಚಿಗೆ. ನಾಲಿಗೆ ರುಚಿ ಬದಲಾಯಿತೆಂದು ಹೇಳಬಲ್ಲದು; ಕೆಟ್ಟದ್ದು ಬಿಸಿಯಿಂದಲೋ, ಪುಡಿ ದಪ್ಪವಾದುದರಿಂದಲೋ, ಹುರಿದು ದಿನ ಕಳೆದುದರಿಂದಲೋ ಎಂದು ಬಿಡಿಸಿ ಹೇಳಲಾರದು. ಬಿಸಿ ನಿಂತಲ್ಲಿ ನಿಂತಾಗಲೇ ಉಳಿದವನ್ನು ನಾಲಿಗೆಯಿಂದ ಪರೀಕ್ಷಿಸಬಹುದು. ಇನ್ನೂ ಗಟ್ಟಿಯಾದ ಆಕ್ಷೇಪ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದಿಂದ 2020ರಲ್ಲಿ ಬಂತು. 87, 90, 93 ಡಿಗ್ರಿಗಳಲ್ಲಿ ಇಳಿಸಿದ ಡ್ರಿಪ್ ಕಾಫಿಯ ಗಟ್ಟಿತನ ಮತ್ತು ಪುಡಿಯಿಂದ ಕರಗಿ ಬಂದ ಅಂಶವನ್ನು ಸಮವಾಗಿಟ್ಟರೆ ರುಚಿಯಲ್ಲಿ ವ್ಯತ್ಯಾಸ ತೀರ ಕಡಿಮೆ ಎಂದು ಅಲ್ಲಿನ ಸಂಶೋಧಕರು ತೋರಿಸಿದರು. ಫಲಿತಾಂಶವನ್ನು ಒಪ್ಪೋಣ, ಆದರೆ ಅದು ಡ್ರಿಪ್ ಕಾಫಿಯದು, ಮತ್ತು ‘ಸಮವಾಗಿಟ್ಟರೆ’ ಎಂಬ ಷರತ್ತು ಅದರ ಜೀವಾಳ. ಅರ್ಧ ನಿಮಿಷದಲ್ಲಿ ಮುಗಿಯುವ ಮನೆಯ ಎಸ್‌ಪ್ರೆಸೊದಲ್ಲಿ ಬಿಸಿ ಬದಲಾದರೆ ಕರಗಿ ಬರುವ ಅಂಶವೂ ಬದಲಾಗುತ್ತದೆ. ಹಾಗಾಗಿ ಆ ಅಧ್ಯಯನ 92ಕ್ಕೂ 93ಕ್ಕೂ ಜಗಳಾಡಬೇಡಿ ಎನ್ನುತ್ತದೆಯೇ ಹೊರತು ಇಂದು 88, ನಾಳೆ 98 ಆದರೂ ಸರಿ ಎನ್ನುವುದಿಲ್ಲ.

ಹೊಸ ಯಂತ್ರಗಳ ಪರದೆಯ ಮೇಲಿನ ಅಂಕಿಯನ್ನೇ ನಂಬಬಾರದೇ ಎಂಬುದು ಕೊನೆಯ ಪ್ರಶ್ನೆ. ಎಷ್ಟೋ ಯಂತ್ರಗಳಲ್ಲಿ ಆ ಅಂಕಿ ಬಾಯ್ಲರಿಗೆ ಅಂಟಿದ ಸಂವೇದಕದಿಂದ ಬಂದು, ತಯಾರಕರು ಅಂದಾಜಿನಲ್ಲಿ ಕಳೆದ ಡಿಗ್ರಿಗಳಿಂದ ರೂಪುಗೊಂಡದ್ದು. ತಲೆಭಾಗ ಪೂರ್ತಿ ಕಾಯುವ ಮುನ್ನ ಅದು ಸುಳ್ಳು ಹೇಳುತ್ತದೆ. ಪರೀಕ್ಷೆಗೆ ದುಬಾರಿ ಸಲಕರಣೆಯೇ ಬೇಕೆಂದಿಲ್ಲ: ತೆಳು ಥರ್ಮೋಕಪಲ್ಲನ್ನು ಕರಗುತ್ತಿರುವ ಮಂಜುಗಡ್ಡೆಯ ನೀರಿನಲ್ಲೂ ತಮ್ಮೂರಿನ ಕುದಿನೀರಿನಲ್ಲೂ ಅದ್ದಿ ಸರಿನೋಡಿ, ಆಮೇಲೆ ಪುಡಿಯ ಮೇಲಿಟ್ಟರೆ ಸಾಕು. ಸಾಮಾನ್ಯ ಕೆ ಮಾದರಿಯ ತಂತಿಗೆ ಎರಡು ಡಿಗ್ರಿ ದೋಷ ಸಹಜವಾದ್ದರಿಂದ ಈ ಹೆಜ್ಜೆ ಬಿಡುವಂತಿಲ್ಲ. ಚಿಕ್ಕಮಗಳೂರು, ಕೊಡಗುಗಳ ಬೀಜವನ್ನು ಹುರಿದು ಮಾರುವವರು ಪೊಟ್ಟಣದ ಮೇಲೆ ‘93 ಡಿಗ್ರಿ’ ಎಂದು ಬರೆಯುವಾಗ ಅದು ಪುಡಿಯ ಮೇಲಿನ ಅಳತೆಯೋ ಬಾಯ್ಲರಿನದೋ ಎಂಬುದನ್ನೂ ಬರೆಯಬೇಕು. ಅಷ್ಟು ಮಾಡಿದರೆ ಬೆಳೆದವರು ಬೀಜದೊಳಗೆ ತುಂಬಿಟ್ಟ ರುಚಿ ಕರಾವಳಿಯ ಮನೆಗೂ ಬಯಲುಸೀಮೆಯ ಮನೆಗೂ ಒಂದೇ ರೀತಿ ತಲುಪುವ ಸಾಧ್ಯತೆ ಹೆಚ್ಚುತ್ತದೆ.