ಕೃಪೆಯ ವಿವಾದವೂ ಸಂವಾದವೂ

ನಮ್ಮ ಮೈಲಾರಲಿಂಗನನ್ನೇ ಮರಾಠಿಗರು ಖಂಡೋಬನೆಂದೂ ತೆಲುಗರು ಮಲ್ಲನ್ನನೆಂದೂ ಭಜಿಸುವರೆಂಬುದು ವಾಚಕರಿಗೆ ವಿದಿತವಷ್ಟೆ. ಹೆಸರು ಮಾತ್ರ ಬೇರೆಯಾದಲ್ಲಿ ಸಮನ್ವಯವು ಸುಲಭ. ಆರಾಧ್ಯನೂ ಆತನ ಹೆಸರೂ ಒಂದೇ ಆಗಿದ್ದು, ಮುಕ್ತಿಮಾರ್ಗದಲ್ಲಿ ಭೇದವುಂಟಾದರೆ ಅದನ್ನು ಬಗೆಹರಿಸುವುದು ಕಷ್ಟತರವು. ಕ್ರೈಸ್ತರಲ್ಲಿ ಕ್ಯಾಥೊಲಿಕರಿಗೂ ಲೂಥರನ ಅನುಯಾಯಿಗಳಿಗೂ ಒದಗಿದ ಭೇದವು ಇಂಥದು.

1517ರಲ್ಲಿ ಜರ್ಮನಿಯ ಮಾರ್ಟಿನ್ ಲೂಥರನು 95 ಪ್ರತಿಜ್ಞಾವಾಕ್ಯಗಳನ್ನು ಪ್ರಕಟಿಸಿದನು. ಮನುಷ್ಯನು ದೇವರ ಸನ್ನಿಧಿಯಲ್ಲಿ ನೀತಿವಂತನೆನಿಸುವುದು ವಿಶ್ವಾಸಮಾತ್ರದಿಂದ ಎಂಬುದು ಅವನ ಸಿದ್ಧಾಂತವು. ಕೃಪೆಯೇ ಮೊದಲಾದರೂ ಮನುಷ್ಯನು ಅದರೊಡನೆ ಸಹಕರಿಸತಕ್ಕದ್ದೆಂದು ಟ್ರೆಂಟ್ ನಗರದ ಮಹಾಸಭೆಯು (1545–1563) ನಿರ್ಣಯಿಸಿತು. ನಮ್ಮ ಶ್ರೀವೈಷ್ಣವರಲ್ಲಿಯೂ, ತಾಯಿಬೆಕ್ಕು ಮರಿಯನ್ನು ಕಚ್ಚಿಕೊಂಡು ಹೋಗುವಂತೆ ಭಗವಂತನೇ ರಕ್ಷಿಸುವನೆಂದು ತೆಂಗಲೆಯವರೂ, ಕಪಿಯ ಮರಿಯು ತಾಯಿಯನ್ನು ಅಪ್ಪಿಕೊಂಡಿರುವಂತೆ ಜೀವನ ಪ್ರಯತ್ನವೂ ಬೇಕೆಂದು ವಡಗಲೆಯವರೂ ವಾದಿಸಿದರಲ್ಲವೆ? ಉಪಮಾನವು ಸರ್ವಾಂಶದಲ್ಲಿ ಹೊಂದದಿದ್ದರೂ ಪ್ರಶ್ನೆಯ ಮರ್ಮವನ್ನು ತಿಳಿಯಲು ಸಾಕು.

ಈ ಭೇದವು ಕನ್ನಡ ನಾಡಿಗೂ ಬಂದಿತು. ಲೂಥರನ್ ಮತ್ತು ರಿಫಾರ್ಮ್ಡ್ ಪಂಥಗಳೆರಡಕ್ಕೂ ಸೇರಿದವರನ್ನೊಳಗೊಂಡ ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, 1841ರಲ್ಲಿ ಅಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದರು. ಕ್ಯಾಥೊಲಿಕರು ಅವರಿಗಿಂತ ಬಹು ಹಿಂದಿನಿಂದಲೇ ಅಲ್ಲಿದ್ದರು. 1878ರಲ್ಲಿ ಜೆಸುವಿಟ್ ಪಾದ್ರಿಗಳೂ ಬಂದರು. ಮತವಿಷಯದಲ್ಲಿ ಇವರಿಗೂ ಅವರಿಗೂ ಐಕಮತ್ಯವಿರಲಿಲ್ಲ. ಆದರೂ ಜೆಸುವಿಟ್ ಪಂಡಿತನಾದ ಮಾಫೇಯಿಯ ಕೊಂಕಣಿ ವ್ಯಾಕರಣವು 1882ರಲ್ಲಿಯೂ, ಇಂಗ್ಲಿಷ್–ಕೊಂಕಣಿ ನಿಘಂಟು 1883ರಲ್ಲಿಯೂ ಮುದ್ರಿತವಾದುದು ಆ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿಯೇ! ಧರ್ಮಶಾಸ್ತ್ರವು ಬೇರ್ಪಡಿಸಿದವರನ್ನು ಶಬ್ದಶಾಸ್ತ್ರವು ಒಂದೆಡೆಗೆ ತಂದಿತು.

ಧರ್ಮಶಾಸ್ತ್ರವು ಆ ಹಾದಿಗೆ ಬರಲು ಇನ್ನೂ ಬಹುಕಾಲ ಹಿಡಿಯಿತು. ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಕ್ರೈಸ್ತರ ಐಕ್ಯವನ್ನು ಕುರಿತು ಶಾಸನವನ್ನು ಹೊರಡಿಸಿದ ಮೇಲೆ ಉಭಯ ಪಕ್ಷದ ವಿದ್ವಾಂಸರು ಅನೇಕ ವರ್ಷಗಳ ಪರ್ಯಂತ ವಿಚಾರವಿನಿಮಯ ಮಾಡಿ, 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್ ನಗರದಲ್ಲಿ ನೀತೀಕರಣವನ್ನು ಕುರಿತ ಸಂಯುಕ್ತ ಘೋಷಣೆಗೆ ಸಹಿ ಮಾಡಿದರು. ರಕ್ಷಣೆಯು ಕೃಪೆಯಿಂದಲೇ ಲಭಿಸುವುದೆಂದೂ, ಆ ಕೃಪೆಯೇ ಸತ್ಕರ್ಮಕ್ಕೆ ಪ್ರೇರಿಸುವುದೆಂದೂ ಇಬ್ಬರೂ ಒಪ್ಪಿದರು. ಘೋಷಣೆಯಲ್ಲಿ ನಿರೂಪಿಸಿದ ಬೋಧೆಗೆ ಹಿಂದಿನ ಪರಸ್ಪರ ಖಂಡನೆಗಳು ತಗಲವೆಂದು ಸಾರಿದರು. 2016ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ಪೋಪ್ ಫ್ರಾನ್ಸಿಸ್‌ರೂ ಲೂಥರನ್ ಜಾಗತಿಕ ಒಕ್ಕೂಟದ ಅಧ್ಯಕ್ಷ ಮುನಿಬ್ ಯೂನಾನ್‌ರೂ ಒಟ್ಟಿಗೆ ಪ್ರಾರ್ಥಿಸಿದರು.

ಇಷ್ಟರಿಂದ ಸಮಸ್ತವೂ ತೀರಿತೆಂದು ಭಾವಿಸಲಾಗದು. ಪ್ರಭುಭೋಜನದಲ್ಲಿ ಸಹಪಂಕ್ತಿಯೂ, ಗುರುಪಟ್ಟದ ಪರಸ್ಪರ ಮಾನ್ಯತೆಯೂ ಇನ್ನೂ ಸಾಧಿತವಾಗಿಲ್ಲ. ಒಂದೇ ಮನೆಯಲ್ಲಿ ಗಂಡ ಒಂದು ಪಂಥದವನೂ ಹೆಂಡತಿ ಇನ್ನೊಂದು ಪಂಥದವಳೂ ಆಗಿದ್ದರೆ, ಈ ಕೊರತೆಯು ಪಂಡಿತರ ಚರ್ಚೆಯಾಗಿ ಉಳಿಯದೆ ಹೃದಯದ ಬೇನೆಯಾಗುವುದು.

ನೈಯಾಯಿಕರು ಜಯಾಕಾಂಕ್ಷೆಯ ಮಾತನ್ನು ಜಲ್ಪವೆಂದೂ, ತತ್ತ್ವವನ್ನು ತಿಳಿಯುವ ಇಚ್ಛೆಯಿಂದ ಆಡುವ ಮಾತನ್ನು ವಾದವೆಂದೂ ವಿಭಾಗಿಸಿರುವರು. ಜಲ್ಪವು ವಾದವಾಗಲು ಇವರಿಗೆ ನಾಲ್ಕು ನೂರು ವರ್ಷಗಳಿಗೂ ಮಿಕ್ಕಿ ಕಾಲ ಹಿಡಿಯಿತು. ನಮ್ಮ ನಮ್ಮ ಮಠಗಳ, ಮತಗಳ ವ್ಯಾಜ್ಯಗಳಲ್ಲಿ ನಾವು ಅಷ್ಟು ಕಾಲ ಕಾಯಬೇಕೆ?