ಕಂದಕದ ಆಚೆ ಈಚೆ

1848ರಲ್ಲಿ ಹ್ಯಾಂಬರ್ಗ್ ಊರಿನ ಮೀನು ವ್ಯಾಪಾರಿಯೊಬ್ಬನಿಗೆ ಬೆಸ್ತರು ಆರು ಸೀಲ್‌ಗಳನ್ನು ತಂದುಕೊಟ್ಟರು. ಮೀನಿಗೆಂದು ಬೀಸಿದ ಬಲೆಗೆ ಸಿಕ್ಕಿದ್ದವು. ಅವನು ಅವನ್ನು ಮರದ ತೊಟ್ಟಿಯಲ್ಲಿಟ್ಟು, ಕಾಸು ತೆಗೆದುಕೊಂಡು ಜನರಿಗೆ ತೋರಿಸಿದ. ಮೀನಿಗಿಂತ ಇದರಲ್ಲೇ ಲಾಭ ಕಂಡಿತು. ಆ ವ್ಯಾಪಾರಿಯ ಮಗ ಕಾರ್ಲ್ ಹಾಗೆನ್‌ಬೆಕ್ ಮುಂದೆ ಯುರೋಪಿನ ಅತಿ ದೊಡ್ಡ ಪ್ರಾಣಿ ವ್ಯಾಪಾರಿಯಾದ. ಇವತ್ತು ದೆಹಲಿಯಲ್ಲೋ ಹೈದರಾಬಾದಿನಲ್ಲೋ ವಂಡಲೂರಿನಲ್ಲೋ ಹುಲಿಯ ಮುಂದೆ ಮಕ್ಕಳನ್ನು ನಿಲ್ಲಿಸಿಕೊಂಡು ನೋಡುವವರು, ತಿಳಿದೋ ತಿಳಿಯದೆಯೋ, ಈ ಮನುಷ್ಯನ ಕಲ್ಪನೆಯೊಳಗೇ ನಿಂತಿರುತ್ತಾರೆ. ಸರಳುಗಳ ಬದಲು ಕಂದಕ ಎಂಬ ಉಪಾಯ ಅವನದು.

ಅದಕ್ಕೂ ಮೊದಲು ಮೃಗಾಲಯವೆಂದರೆ ಸಾಲು ಪಂಜರಗಳು. 1828ರಲ್ಲಿ ಆರಂಭವಾದ ಲಂಡನ್ ಮೃಗಾಲಯದಲ್ಲೂ ಜನ ಸಿಂಹವನ್ನು ನೋಡುತ್ತಿದ್ದುದು ಕಬ್ಬಿಣದ ಸರಳುಗಳ ನಡುವಿನಿಂದಲೇ. ಹಾಗೆನ್‌ಬೆಕ್ ಮಾಡಿದ್ದು ರಂಗಭೂಮಿಯ ತಂತ್ರ. ಆಮಿಷ ತೋರಿಸಿ ಪ್ರಾಣಿಗಳನ್ನು ಹಾರಿಸಿ, ಯಾವುದು ಎಷ್ಟು ಎತ್ತರ, ಎಷ್ಟು ದೂರ ಹಾರುತ್ತದೆಂದು ಅಳೆದ. ಅದಕ್ಕಿಂತ ಅಗಲದ ಕಂದಕ ತೋಡಿ, ಅದು ಕಾಣದಂತೆ ಅಂಚಿಗೆ ಪೊದೆ ಬೆಳೆಸಿದ. 1896ರಲ್ಲಿ ಇದಕ್ಕೆ ಪೇಟೆಂಟ್ ಕೂಡ ಪಡೆದ. 1907ರಲ್ಲಿ ಹ್ಯಾಂಬರ್ಗ್ ಬಳಿಯ ಸ್ಟೆಲಿಂಗನ್‌ನಲ್ಲಿ ತೆರೆದ ಉದ್ಯಾನದಲ್ಲಿ ಮುಂದೆ ಹಕ್ಕಿಗಳ ಕೊಳ, ಅದರ ಹಿಂದೆ ಮೇಯುವ ಪ್ರಾಣಿಗಳು, ಹಿಂದೆ ಸಿಂಹಗಳು, ಕೊನೆಗೆ ಸ್ವಿಸ್ ಶಿಲ್ಪಿ ಉರ್ಸ್ ಎಗ್ಗೆನ್‌ಶ್ವೀಲರ್ ಕಟ್ಟಿದ ಕೃತಕ ಬೆಟ್ಟದ ಮೇಲೆ ಕಾಡುಮೇಕೆಗಳು. ಸರಿಯಾದ ಜಾಗದಲ್ಲಿ ನಿಂತು ನೋಡಿದರೆ ಎಲ್ಲವೂ ಒಂದೇ ಬಯಲಿನಲ್ಲಿ ಬಾಳುತ್ತಿರುವಂತೆ ಕಾಣುತ್ತಿತ್ತು.

ಪ್ರಾಣಿಗಳಿಗೂ ಇದರಿಂದ ಒಳ್ಳೆಯದಾಯಿತು, ನಿಜ. ಬಿಸಿ ಮಾಡಿದ ಮುಚ್ಚಿದ ಕೋಣೆಗಳಿಲ್ಲದಿದ್ದರೆ ಉಷ್ಣದೇಶದ ಪ್ರಾಣಿಗಳು ಸಾಯುತ್ತವೆಂದು ನಂಬಿದ್ದ ಕಾಲದಲ್ಲಿ ಅವನ ಸಿಂಹಗಳು ಉತ್ತರ ಜರ್ಮನಿಯ ಚಳಿಯಲ್ಲೂ ಹೊರಗೆ ಓಡಾಡಿಕೊಂಡು ಗಟ್ಟಿಮುಟ್ಟಾಗಿದ್ದವು. ಆದರೆ ಆ ಉದ್ಯಾನದ ಹಿಂದಿದ್ದ ವ್ಯಾಪಾರದಲ್ಲಿ ಒಂದು ಮರಿಯನ್ನು ಹಿಡಿಯಲು ತಾಯಿಯನ್ನು ಕೊಲ್ಲುವುದು ಮಾಮೂಲಾಗಿತ್ತು. ಅದೇ ಮನುಷ್ಯ ಲ್ಯಾಪ್‌ಲ್ಯಾಂಡಿನ, ನ್ಯೂಬಿಯಾದ, ಸಿಂಹಳದ ಜನರನ್ನೂ ಗುಡಿಸಲು ದನಕರುಗಳ ಸಮೇತ ಕರೆತಂದು ಟಿಕೆಟ್ ಇಟ್ಟು ತೋರಿಸಿದ. ಅವನಿಗೆ ಚೆನ್ನಾಗಿ ಗೊತ್ತಿದ್ದುದು ನೋಡುವವರ ಕಣ್ಣು.

ಕಂದಕ ದೆಹಲಿಗೆ ಬಂದ ದಾರಿಯೂ ಸ್ವಾರಸ್ಯದ್ದು. ರಾಜಧಾನಿಗೊಂದು ಮೃಗಾಲಯ ಬೇಕೆಂದು 1952ರಲ್ಲಿ ಭಾರತೀಯ ವನ್ಯಜೀವಿ ಮಂಡಳಿ ತೀರ್ಮಾನಿಸಿತು. ನಕ್ಷೆಗಾಗಿ ಕೇಳಿಕೊಂಡದ್ದು ಸಿಲೋನಿನ ದೆಹಿವಲ ಮೃಗಾಲಯದ ಮುಖ್ಯಸ್ಥ ಮೇಜರ್ ವೀನ್‌ಮನ್ ಅವರನ್ನು. ಆ ದೆಹಿವಲವನ್ನು ಮೊದಲು ಕಟ್ಟಿದ್ದು ಕಾರ್ಲ್‌ನ ಮಲತಮ್ಮ ಜಾನ್ ಹಾಗೆನ್‌ಬೆಕ್. 1936ರಲ್ಲಿ ಅದು ಸರ್ಕಾರದ ಕೈಗೆ ಬಂತು. 1956ರಲ್ಲಿ ಅದೇ ಮನೆತನದ ಕಾರ್ಲ್ ಹೈನ್ರಿಚ್ ಹಾಗೆನ್‌ಬೆಕ್ ದೆಹಲಿಗೆ ಬಂದು ಕಂದಕದ ಆವರಣಗಳನ್ನು ಸೂಚಿಸಿದರು. 1959ರ ನವೆಂಬರ್ 1ರಂದು ಪುರಾನಾ ಕಿಲಾದ ಮಗ್ಗುಲಲ್ಲಿ ಮೃಗಾಲಯ ತೆರೆಯಿತು. ಹೊಸ ಗಣರಾಜ್ಯಕ್ಕೆ ಸರಳಿನ ಪಂಜರಕ್ಕಿಂತ ಈ ಬಯಲು ಹೆಚ್ಚು ಒಪ್ಪುವಂತಿತ್ತು.

ಆದರೆ ಕಂದಕವನ್ನು ಎರಡೂ ಬದಿಯವರು ಒಂದೇ ರೀತಿ ಕಾಣುವುದಿಲ್ಲ. ಆಚೆ ಇರುವ ಪ್ರಾಣಿಗೆ ಅದು ಗೋಡೆಯೇ, ಒಮ್ಮೊಮ್ಮೆ ಗೋಡೆಗಿಂತ ಕೆಟ್ಟದ್ದು. ಗೊರಿಲ್ಲಾ, ಚಿಂಪಾಂಜಿಗಳಿಗೆ ಈಜು ಬಾರದು. ನೀರು ತುಂಬಿದ ಕಂದಕಗಳಲ್ಲಿ ಅವು ಮುಳುಗಿ ಸತ್ತ ಪ್ರಸಂಗಗಳು ಹಲವು. ಈಚೆ ಇರುವವನಿಗೆ ಅದು ಅಡ್ಡಿ ಅನ್ನಿಸುವುದೇ ಇಲ್ಲ. 2014ರ ಸೆಪ್ಟೆಂಬರಿನಲ್ಲಿ ದೆಹಲಿಯ ಬಿಳಿ ಹುಲಿಯ ಆವರಣದ ಒಣ ಕಂದಕಕ್ಕೆ ಯುವಕನೊಬ್ಬ ಬಿದ್ದ. ಹುಲಿ ಅವನನ್ನು ಕೊಂದಿತು. ಎರಡು ವರ್ಷದ ನಂತರ ಅಮೆರಿಕದ ಸಿನ್ಸಿನಾಟಿಯಲ್ಲಿ ಮಗುವೊಂದು ಕಂದಕಕ್ಕೆ ಬಿದ್ದಾಗ ಸತ್ತದ್ದು ಗೊರಿಲ್ಲಾ, ಸಿಬ್ಬಂದಿಯ ಗುಂಡಿಗೆ. ತಡೆ ಕಾಣಬಾರದು ಎಂಬ ಹಟದ ಬೆಲೆ ಇದು. (ಬಂಧನದಲ್ಲಿರುವ ಬಿಳಿ ಹುಲಿಗಳ ಸಂತತಿ 1951ರಲ್ಲಿ ರೇವಾದಲ್ಲಿ ಸಿಕ್ಕ ಒಂದು ಗಂಡುಮರಿಯನ್ನು ಮುಂದೆ ಅದರ ಮಗಳ ಜೊತೆಗೇ ಕೂಡಿಸಿ ಬೆಳೆಸಿದ್ದು. ಅದೂ ಕಣ್ಣಿಗಾಗಿಯೇ.)

ಲಂಡನ್ನಿನ ಪೆಂಗ್ವಿನ್ ಕೊಳದ್ದು ಇನ್ನೊಂದು ಕಥೆ. 1934ರಲ್ಲಿ ವಾಸ್ತುಶಿಲ್ಪಿ ಬರ್ಥೊಲ್ಡ್ ಲ್ಯುಬೆಟ್ಕಿನ್ ಅದನ್ನು ಕಟ್ಟಿದ: ಮೊಟ್ಟೆಯಾಕಾರದ ಬಿಳಿ ಕೊಳ, ನಡುವೆ ಒಂದನ್ನೊಂದು ಸುತ್ತಿಕೊಂಡು ಇಳಿಯುವ ಎರಡು ತೆಳು ಕಾಂಕ್ರೀಟ್ ಇಳಿಜಾರುಗಳು. ಅವುಗಳ ಮೇಲೆ ಕುಪ್ಪಳಿಸುತ್ತ ಬರುವ ಪೆಂಗ್ವಿನ್‌ಗಳನ್ನು ನೋಡಿ ಜನ ಮರುಳಾದರು. ಆಧುನಿಕ ವಾಸ್ತುಶಿಲ್ಪದ ಪಾಠಗಳಲ್ಲಿ ಇಂದಿಗೂ ಅದರ ಚಿತ್ರವಿದೆ, ಕಾನೂನಿನ ಅತ್ಯುನ್ನತ ರಕ್ಷಣೆಯೂ ಇದೆ. ಅದರಲ್ಲಿ ಪೆಂಗ್ವಿನ್ ಮಾತ್ರ ಇಲ್ಲ. ಒರಟು ಕಾಂಕ್ರೀಟಿನ ಮೇಲೆ ನಡೆದು ನಡೆದು ಅವುಗಳ ಪಾದದಲ್ಲಿ ಹುಣ್ಣಾಗುತ್ತಿತ್ತು. ಕೊನೆಯಲ್ಲಿ ಅಲ್ಲಿದ್ದವು ಹಂಬೋಲ್ಟ್ ಪೆಂಗ್ವಿನ್‌ಗಳು, ಬಿಲ ತೋಡಿ ಮೊಟ್ಟೆಯಿಡುವ ಜಾತಿ. ತೋಡಲು ಅಲ್ಲಿ ಮಣ್ಣೇ ಇರಲಿಲ್ಲ. 2004ರಲ್ಲಿ ಅವನ್ನು ಬೇರೆಡೆಗೆ ಒಯ್ದರು. 2016ರಲ್ಲಿ ಮುಂಬೈಯ ಭಾಯಖಳಾದ ರಾಣಿಬಾಗ್‌ಗೆ ಸೋಲ್‌ನಿಂದ ಬಂದ ಎಂಟೂ ಇದೇ ಜಾತಿಯವು.

ಮೃಗದ ಕಡೆಯಿಂದ ಯೋಚಿಸಿದವರಲ್ಲಿ ಮೊದಲಿಗೆ ನೆನೆಯಬೇಕಾದವರು ಸ್ವಿಟ್ಜರ್ಲೆಂಡಿನ ಹೈನಿ ಹೆಡಿಗರ್. ಬರ್ನ್, ಬಾಸೆಲ್, ಜ್ಯೂರಿಕ್ ಮೂರೂ ಊರುಗಳ ಮೃಗಾಲಯಗಳನ್ನು ನಡೆಸಿದವರು. 1942ರಲ್ಲಿ ಬಂಧನದಲ್ಲಿರುವ ಪ್ರಾಣಿಗಳ ಬಗ್ಗೆ ಪುಸ್ತಕ ಬರೆದರು. ಜಾಗ ಎಷ್ಟು ದೊಡ್ಡದು ಎಂಬುದಕ್ಕಿಂತ ಅದರಲ್ಲಿ ಏನಿದೆ ಎಂಬುದು ಮುಖ್ಯ ಎಂಬುದು ಅವರ ವಾದ. ಅಡಗಲು ಮೂಲೆ, ಕಾವಲಿಗೆ ಎತ್ತರದ ಜಾಗ, ತನ್ನ ವಾಸನೆಯ ಗುರುತು. ಯಾರಾದರೂ ಎಷ್ಟು ಹತ್ತಿರ ಬಂದರೆ ಓಡಬೇಕು ಎಂಬ ಲೆಕ್ಕ ಪ್ರತಿ ಪ್ರಾಣಿಗೂ ಇರುತ್ತದೆ. ಆ ದೂರ ಸಿಗದ ಆವರಣದಲ್ಲಿ ಅದಕ್ಕೆ ನೆಮ್ಮದಿಯಿಲ್ಲ. ಇಲ್ಲಿಯೇ ತಕರಾರು ಶುರು. ಅಡಗುವ ಮೂಲೆ ಕೊಟ್ಟರೆ ಹುಲಿ ಅಲ್ಲಿ ಹೋಗಿ ಮಲಗುತ್ತದೆ. ಟಿಕೆಟ್ ಕೊಟ್ಟು, ಬಿಸಿಲಲ್ಲಿ ಮಕ್ಕಳನ್ನು ಎತ್ತಿಕೊಂಡು ಬಂದ ಸಂಸಾರ ಖಾಲಿ ಹುಲ್ಲನ್ನು ನೋಡಬೇಕೆ? ಇದು ಹುರುಳಿಲ್ಲದ ದೂರಲ್ಲ. ಹುಲಿ ಕಾಣದಿದ್ದಾಗ ಕೂಗು, ಸಿಳ್ಳೆ, ಕಲ್ಲು ಎಲ್ಲ ಶುರುವಾಗುತ್ತವೆ.

ಭಾಷೆಗಳು ಕೂಡ ಈ ಜಗಳದಲ್ಲಿ ಬೇರೆ ಬೇರೆ ಪಕ್ಷ ಹಿಡಿದಂತಿವೆ. ಮರಾಠಿಯವರಿಗೆ ಅದು ಪ್ರಾಣಿಸಂಗ್ರಹಾಲಯ, ಕೂಡಿಟ್ಟ ಸಂಗ್ರಹ. ಹಿಂದಿಯ ಚಿಡಿಯಾಘರ್ ಹಕ್ಕಿಗಳ ಹೆಸರಿನಲ್ಲೇ ಆನೆಯನ್ನೂ ಸೇರಿಸಿಕೊಳ್ಳುತ್ತದೆ. ಕನ್ನಡದ ಮೃಗಾಲಯದಲ್ಲಿ ಮನೆ ಮೃಗದ್ದೇ. ವಿನ್ಯಾಸಕಾರರ ಕಡತದಲ್ಲಿ ಮಾತ್ರ ಅದು ಇಂದಿಗೂ ಎಕ್ಸಿಬಿಟ್, ಪ್ರದರ್ಶನಕ್ಕಿಟ್ಟದ್ದು.

1970ರ ದಶಕದ ಕೊನೆಯಲ್ಲಿ ಸಿಯಾಟಲ್‌ನ ವುಡ್‌ಲ್ಯಾಂಡ್ ಪಾರ್ಕ್ ಮೃಗಾಲಯ ಈ ಗಂಟನ್ನು ಬೇರೆ ತುದಿಯಿಂದ ಬಿಚ್ಚಲು ನೋಡಿತು. ನಿರ್ದೇಶಕ ಡೇವಿಡ್ ಹ್ಯಾಂಕಾಕ್ಸ್, ವಿನ್ಯಾಸಕಾರರಾದ ಗ್ರಾಂಟ್ ಜೋನ್ಸ್ ಮತ್ತು ಜಾನ್ ಕೋ ಗೊರಿಲ್ಲಾಗಳಿಗೆ ನಿಜವಾದ ಮರಗಿಡಗಳ ಜಾಗ ಕೊಟ್ಟರು. ಗಿಡಗಳನ್ನೆಲ್ಲ ಕಿತ್ತುಹಾಕುತ್ತವೆ, ಮರದಿಂದ ಬಿದ್ದು ಸಾಯುತ್ತವೆ ಎಂದು ಹೆದರಿಸಿದವರಿದ್ದರು. ಅಂಥದ್ದೇನೂ ಆಗಲಿಲ್ಲ. ಅದೇ ಕಾಡನ್ನು ಜನ ನಡೆಯುವ ದಾರಿಗೂ ಚಾಚಿದರು. ಉದ್ದ ಕಟಕಟೆಯ ಬದಲು ಅಲ್ಲೊಂದು ಇಲ್ಲೊಂದು ಇಣುಕುವ ಜಾಗ ಬಿಟ್ಟರು. ಮೇಲಿನಿಂದ ಬಗ್ಗಿ ನೋಡುವವನು ಲೇವಡಿ ಮಾಡುತ್ತಾನೆ, ಸಮನಾಗಿಯೋ ತಗ್ಗಿನಲ್ಲೋ ನಿಂತವನು ದನಿ ತಗ್ಗಿಸುತ್ತಾನೆ ಎಂಬುದು ಕೋ ಅವರ ನಂಬಿಕೆ. ನೆರಳನ್ನೋ, ಬೆಚ್ಚಗಿನ ಬಂಡೆಯನ್ನೋ ನೋಡುವ ಜಾಗದ ಹತ್ತಿರವೇ ಇಟ್ಟರೆ ಪ್ರಾಣಿ ತಾನಾಗಿ ಬಂದು ಕೂರುತ್ತದೆ ಎಂಬ ಜಾಣತನವೂ ಈಗ ಬಳಕೆಯಲ್ಲಿದೆ. ಅದು ಬಂದೇ ಬರುತ್ತದೆಂಬ ಖಾತ್ರಿಯಿಲ್ಲ. ಆ ಆಯ್ಕೆ ಅದರದು. ಆದರೆ ಈ ಶೈಲಿಯನ್ನು ನಕಲು ಮಾಡಿದ ಎಷ್ಟೋ ಕಡೆ ಹಸಿರಿನ ಸುತ್ತ ವಿದ್ಯುತ್ ತಂತಿ ಎಳೆದಿದ್ದಾರೆ. ಜನರಿಗೆ ಕಾಡು ಕಾಣುತ್ತದೆ, ಪ್ರಾಣಿಗೆ ಒಂದು ಎಲೆಯೂ ಎಟುಕುವುದಿಲ್ಲ. ಹಾಗೆನ್‌ಬೆಕ್‌ನ ಸಿಮೆಂಟ್ ಬೆಟ್ಟವೇ ಹಸಿರು ಬಟ್ಟೆ ತೊಟ್ಟು ಬಂದಂತೆ.

1892ರಲ್ಲಿ ಆರಂಭವಾದ ಮೈಸೂರು ಮೃಗಾಲಯಕ್ಕೆ 1995ರಲ್ಲಿ ಡಬ್ಲಿನ್‌ನಿಂದ ಪೋಲೋ ಎಂಬ ಗೊರಿಲ್ಲಾ ಬಂತು. ಅದನ್ನು ನೋಡಲೆಂದೇ ದೂರದೂರದಿಂದ ಜನ ಬರುತ್ತಿದ್ದರು, ದೇಶದ ಏಕೈಕ ಗೊರಿಲ್ಲಾ ಎಂಬ ಹೆಮ್ಮೆಯೂ ಇತ್ತು. ಗುಂಪಿನಲ್ಲಿ ಬದುಕುವ ಪ್ರಾಣಿಗೆ ಏಕೈಕ ಎಂಬುದರ ಅರ್ಥ ಬೇರೆ. ಪೋಲೋ 2014ರಲ್ಲಿ ಸತ್ತಿತು. 2021ರಲ್ಲಿ ಜರ್ಮನಿಯಿಂದ ಥಾಬೊ, ಡೆಂಬಾ ಎಂಬ ಎರಡು ಗಂಡು ಗೊರಿಲ್ಲಾಗಳನ್ನು ತಂದರು. ಹೊಸ ಆವರಣದಲ್ಲಿ ಎಷ್ಟೋ ಅನುಕೂಲಗಳಿರಬಹುದು; ಆದರೆ ಹಳೆಯದಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಆ ಎರಡನೆಯ ಗೊರಿಲ್ಲಾ.

1992ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಬಂದಮೇಲೆ ದೇಶದ ಮೃಗಾಲಯಗಳಿಗೆಲ್ಲ ನಿಯಮಗಳಾದವು. ವಾರಕ್ಕೊಂದು ದಿನ ಜನರಿಗೆ ಬಾಗಿಲು ಮುಚ್ಚಬೇಕು ಎಂಬುದು ಅದರಲ್ಲೊಂದು. ಹೈದರಾಬಾದಿನಲ್ಲಿ ಸೋಮವಾರ, ಮೈಸೂರಿನಲ್ಲೂ ವಂಡಲೂರಿನಲ್ಲೂ ಮಂಗಳವಾರ, ಮುಂಬೈಯಲ್ಲಿ ಬುಧವಾರ, ದೆಹಲಿಯಲ್ಲಿ ಶುಕ್ರವಾರ. ಉಳಿದ ದಿನಗಳಲ್ಲಿ ಸಂಜೆ ಗೇಟು ಹಾಕುವ ಹೊತ್ತಿಗೆ ಕಾವಲುಗಾರ ಕರೆಯುತ್ತಾನೆ. ಹುಲಿ ಹುಲ್ಲನ್ನೂ ಕಂದಕವನ್ನೂ ಬಿಟ್ಟು ಹಿಂದಿನ ಕೋಣೆಗೆ ಹೋಗುತ್ತದೆ. ಅಲ್ಲಿ ಮಾಂಸ ಇಟ್ಟಿರುತ್ತಾರೆ. ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು ಅದು ಕಳೆಯುವುದು ಆ ಕೋಣೆಯಲ್ಲೇ. ಅದಕ್ಕೆ ಸರಳುಗಳಿವೆ.